ಹಿಂದಿನವರು ಯಾಕೆ ಬಿಟ್ಟರು?

2005ರಲ್ಲಿ ನಾನು ಪುಣೆಯ ಔಂಧ್‌ನಲ್ಲಿ, ಮಿಠಾಯಿ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ನಡೆಯುತ್ತಿದ್ದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೆ. ಬಾಡಿಗೆ ಮನೆ ಹುಡುಕುವವರಿಗಾಗಿ ವೆಬ್‌ಸೈಟ್ ನಡೆಸುವ ಕಂಪನಿ ಅದು. ಒಟ್ಟು ಆರು ಜನ. ನನ್ನ ಹುದ್ದೆಗೆ ‘ಸರ್ಚ್ ಡಿಸೈನರ್’ ಎಂದು ಹೆಸರು. ಮನೆ ಬೇಕಾದವರು ಕಂಪ್ಯೂಟರಿನ ಮುಂದೆ ಕೂತಾಗ ಅವರಿಗೆ ಏನು ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು, ಉತ್ತರ ಬಂದ ಮೇಲೆ ಏನು ತೋರಿಸಬೇಕು ಎಂದು ನಿರ್ಧರಿಸುವುದು ನನ್ನ ಕೆಲಸ. ಧಾರವಾಡದ ತವರಿನಲ್ಲಿ ಇದನ್ನೆಲ್ಲ ವಿವರಿಸಲಾಗದೆ ‘ಮನೆ ಹುಡುಕಿಕೊಡುವ ಕೆಲಸ’ ಎಂದುಬಿಟ್ಟಿದ್ದೆ. ಸುಮಿತ್ರಾ ಪುಣೆಯಲ್ಲಿ ಏಜೆಂಟ್ ಆಗಿದ್ದಾಳೆ ಎಂದು ನಮ್ಮ ಸೋದರಮಾವ ಓಣಿತುಂಬ ಸಾರಿದರು. ಆಮೇಲೆ ನನಗೆ ಅದನ್ನು ತಿದ್ದುವ ಉಮೇದು ಉಳಿಯಲಿಲ್ಲ.

ನಾನು ಕಂಪ್ಯೂಟರ್ ಓದಿದವಳಲ್ಲ. 1991ರಿಂದ ಹದಿಮೂರು ವರ್ಷ ಒಂದು ಮರಾಠಿ ದಿನಪತ್ರಿಕೆಯ ಸಣ್ಣ ಜಾಹೀರಾತಿನ ಕೌಂಟರಿನಲ್ಲಿ ಕೂತವಳು. ಅಲ್ಲಿ ಜಾಹೀರಾತಿಗೆ ಪದದ ಲೆಕ್ಕದಲ್ಲಿ ದರ. ಮನೆ ಬೇಕೆಂದು ಬಂದವರು ಕಿಟಕಿಗೆ ಮುಖ ಕೊಟ್ಟು ಹತ್ತು ನಿಮಿಷ ಮಾತಾಡುತ್ತಿದ್ದರು. ತಾಯಿಗೆ ಮೊಣಕಾಲು ನೋವು, ಮೆಟ್ಟಿಲು ಬೇಡ. ಹೆಂಡತಿ ತಬಲಾ ಕಲಿಯುತ್ತಾಳೆ, ಪಕ್ಕದವರು ಸಹಿಸಿಕೊಳ್ಳಬೇಕು. ಹಿತ್ತಲಲ್ಲಿ ಒಂದು ಪೇರಲ ಗಿಡವಿದ್ದರೆ ಇನ್ನೂ ಒಳ್ಳೆಯದು. ನಾನು ಪೆನ್ಸಿಲ್ ಹಿಡಿದು ಎಲ್ಲವನ್ನೂ ಕತ್ತರಿಸುತ್ತ ಬಂದು ಕೊನೆಗೆ ‘ಎರಡು ಕೋಣೆ, ನೀರು, ಕುಟುಂಬಸ್ಥರು’ ಎಂದು ಬರೆದುಕೊಡುತ್ತಿದ್ದೆ. ನನ್ನಷ್ಟು ಚೆನ್ನಾಗಿ ಕತ್ತರಿಸುವವರು ಆ ಕಚೇರಿಯಲ್ಲಿ ಇನ್ನೊಬ್ಬರಿರಲಿಲ್ಲ. ನನಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಆ ಜಂಬ ನೋಡಿಯೇ ಅಮೋಲ್ ನನ್ನನ್ನು ಕರೆದುಕೊಂಡ. ಕಂಪನಿ ಅವನದು. ಸಾಂಗಲಿಯ ಕಡೆಯ ಇಂಜಿನಿಯರ್, ನನಗಿಂತ ಹತ್ತು ವರ್ಷ ಚಿಕ್ಕವನು, ಒಳ್ಳೆಯ ಮನುಷ್ಯ. ಆದರೆ ಟಿಕ್ ಹಾಕಲು ಬಾರದ ವಸ್ತು ಲೋಕದಲ್ಲಿ ಇಲ್ಲವೇ ಇಲ್ಲ ಎಂದು ನಂಬಿದವನು. ಇಬ್ಬರೂ ಸೇರಿ ಹುಡುಕಾಟದ ಪುಟವನ್ನು ನಾಲ್ಕು ಡ್ರಾಪ್‌ಡೌನ್‌ಗಳಿಗೆ ಇಳಿಸಿದೆವು. ಡ್ರಾಪ್‌ಡೌನ್ ಎಂದರೆ ಒತ್ತಿದಾಗ ಕೆಳಗೆ ಪಟ್ಟಿ ಇಳಿಯುವ ಪೆಟ್ಟಿಗೆ. ಅದರಲ್ಲಿದ್ದುದನ್ನೇ ಆರಿಸಬೇಕು, ನಮ್ಮದೇನೂ ಬರೆಯುವ ಹಾಗಿಲ್ಲ. ಪ್ರದೇಶ, ಕೋಣೆಗಳ ಸಂಖ್ಯೆ, ಬಾಡಿಗೆ, ಎಷ್ಟನೆಯ ಅಂತಸ್ತು, ಇಷ್ಟೇ.

ಇದು ಸರಿಯಿದೆಯೇ ಎಂದು ಪರೀಕ್ಷಿಸಲು ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿಗಳ ಗೇಟಿನಲ್ಲೂ ವಿಮಾನ ನಗರದ ಕಾಫಿ ಅಂಗಡಿಗಳಲ್ಲೂ ನಿಂತು ಮನೆ ಹುಡುಕುತ್ತಿದ್ದ ನಲವತ್ತು ಜನರನ್ನು ಮಾತಾಡಿಸಿದೆವು. ಎಲ್ಲರೂ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡವರು. ಎಲ್ಲರೂ ನಾಲ್ಕೇ ಮಾತಿನಲ್ಲಿ ಉತ್ತರ ಕೊಟ್ಟರು, ಮತ್ತು ಆ ನಾಲ್ಕೂ ನಮ್ಮ ನಾಲ್ಕು ಪೆಟ್ಟಿಗೆಗಳಿಗೆ ಸರಿಯಾಗಿ ಕೂತವು. ನಮಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಅವರೆಲ್ಲ ಮನೆಯಲ್ಲಿ ನಿದ್ದೆ ಮಾಡುವುದು ಬಿಟ್ಟು ಬೇರೇನೂ ಮಾಡದ ಜನ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಇನ್ನು ಗೌರಕ್ಕನ ವಿಷಯ. ಗೋಕಾಕ ತಾಲೂಕಿನ ಹೆಣ್ಣುಮಗಳು, ನನ್ನದೇ ಓರಗೆ. ಗಂಡ ಹಿಂಜವಾಡಿಯ ಕಂಪನಿಗಳಿಗೆ ಜನರನ್ನು ಸಾಗಿಸುವ ಗಾಡಿ ಓಡಿಸುತ್ತಿದ್ದರು. ಆಕೆ ಔಂಧ್ ಗಾವಠಾಣದ, ಅಂದರೆ ಹಳೆಯ ಊರಿನ, ಒಂದು ನೆಲಮನೆಯಲ್ಲಿ ಕೂತು ದಿನಕ್ಕೆ ಅರವತ್ತು ಊಟದ ಡಬ್ಬಿ ಕಟ್ಟುತ್ತಿದ್ದರು. ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಶೇಂಗಾ ಚಟ್ನಿ. ಬೆಳಿಗ್ಗೆ ಹತ್ತಕ್ಕೆ ಡಬ್ಬಿಗಳು ಗಂಡನ ಗಾಡಿ ಹತ್ತಿ ಹೊರಡಬೇಕು. ವಿಜಾಪುರ, ಬಾಗಲಕೋಟೆ, ಬೆಳಗಾವಿಯ ಕಡೆಯಿಂದ ಬಂದು ಪುಣೆಯಲ್ಲಿ ಚಪಾತಿ ತಿಂದು ಬೇಸತ್ತ ಜೀವಗಳಿಗೆ ಆ ಡಬ್ಬಿಯೇ ಆಧಾರ. ನಾನೂ ಆ ಅರವತ್ತರಲ್ಲಿ ಒಬ್ಬಳು.

ಆ ವರ್ಷ ಫೆಬ್ರುವರಿಯಲ್ಲಿ ಅವರ ನೆಲಮನೆಯನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸುವುದೆಂದು ಮಾಲೀಕರು ಹೇಳಿದರು. ಗೌರಕ್ಕ ಡಬ್ಬಿಯ ಜೊತೆ ಈ ಸುದ್ದಿಯನ್ನೂ ತಂದರು. ನಾನು ಥಟ್ಟನೆ ಅವರನ್ನು ನನ್ನ ಕುರ್ಚಿಯಲ್ಲೇ ಕೂರಿಸಿದೆ. ನಮ್ಮ ಸೈಟಿನಲ್ಲಿ ಮನೆ ಹಿಡಿದ ಮೊದಲ ಕನ್ನಡದ ಗಿರಾಕಿ ನನ್ನ ಕೈಯಿಂದಲೇ ಆಗಲಿ ಎಂಬ ಆಸೆ ನನಗೆ. ನಾಲ್ಕು ಪೆಟ್ಟಿಗೆ ತುಂಬಿದೆವು. ಐದನೆಯ ನಿಮಿಷಕ್ಕೆ ಒಂದು ಫ್ಲ್ಯಾಟ್ ಬಂತು. ಔಂಧ್‌ನಲ್ಲೇ, ಮೂರನೆಯ ಅಂತಸ್ತು, ದೊಡ್ಡ ಅಡುಗೆಮನೆ, ಗೌರಕ್ಕನ ಮಗಳ ಶಾಲೆ ಎದುರಿನ ಓಣಿಯಲ್ಲಿ. ಫೋಟೋ ನೋಡಿ ಗೌರಕ್ಕ ಎರಡು ಪ್ರಶ್ನೆ ಕೇಳಿದರು.

“ಈ ಮನಿ ಕೆಳಗ ಯಾರ್ ಇರ್ತಾರ್ರಿ ಬಾಯಾರ? ಮತ್ತ ಮೊದಲ ಇದ್ದವ್ರು ಯಾಕ ಬಿಟ್ರು?”

“ಅವು ಇದರಾಗ ಬರಂಗಿಲ್ಲ ಗೌರಕ್ಕ,” ಎಂದೆ. “ನೀರು ಇಪ್ಪತ್ನಾಕು ತಾಸು ಅದ, ಇಲ್ಲೆ ನೋಡ್ರಿ.”

ಆಕೆ ನೀರು ನೋಡಿದರು, ಬಾಡಿಗೆ ನೋಡಿದರು. ಹದಿಮೂರು ವರ್ಷ ಪದ ಕತ್ತರಿಸಿದ ಕೈ ಆ ದಿನವೂ ತನ್ನ ಕೆಲಸ ಮಾಡಿತ್ತು. ಮಾರ್ಚ್ ಮೊದಲ ವಾರ ಗೌರಕ್ಕ ಆ ಮನೆಗೆ ಹೋದರು. ಅಮೋಲ್ ಫ್ಲ್ಯಾಟಿನ ಫೋಟೋವನ್ನು ಪ್ರಿಂಟ್ ತೆಗೆದು ಆಫೀಸಿನ ಗೋಡೆಗೆ ಅಂಟಿಸಿ, ಅದರ ಕೆಳಗೆ ‘ಐದು ನಿಮಿಷ’ ಎಂದು ಬರೆದ.

ಕೆಳಗೆ, ಎರಡನೆಯ ಅಂತಸ್ತಿನಲ್ಲಿ, ಮನೆಯ ಮಾಲೀಕರಾದ ಲೇಲೆಯವರೇ ಇದ್ದರು. ನಿವೃತ್ತ ಗಣಿತದ ಮಾಸ್ತರರು. ಒಬ್ಬರೇ ಇದ್ದರು, ಅಕ್ಷರ ಮುತ್ತಿನಂಥದ್ದು. ಆ ಕಟ್ಟಡದ ಮೆಟ್ಟಿಲುಗಳುದ್ದಕ್ಕೂ ಅವರು ಬರೆದ ಪಾಟಿಗಳು, ಅಂದರೆ ಸೂಚನಾ ಫಲಕಗಳು, ತೂಗುತ್ತಿದ್ದವು. ಒಂದರಲ್ಲಿ ಹೀಗಿತ್ತು: ‘ಚಪ್ಪಲಿ ಹೊರಗೆ ಬಿಡಿ. ಹೊರಗೆ ಎಂದರೆ ನಿಮ್ಮ ಬಾಗಿಲ ಹೊರಗೆ. ನನ್ನ ಬಾಗಿಲ ಹೊರಗೆ ಅಲ್ಲ.’ ಇಂಥ ಪಾಟಿ ಬರೆಯುವುದು ಪುಣೆಯ ಹಳಬರಿಗೆ ಒಂದು ಕಲೆ. ಓದುವವನಿಗೆ ಸಿಟ್ಟು ಬರುವ ಮೊದಲೇ ನಗು ಬಂದಿರುತ್ತದೆ.

ಜೋಳದ ರೊಟ್ಟಿ ಲಟ್ಟಿಸುವಂಥದ್ದಲ್ಲ, ಬಡಿಯುವಂಥದ್ದು. ಗೌರಕ್ಕ ಬೆಳಿಗ್ಗೆ ಐದಕ್ಕೆ ನೆಲದ ಮೇಲೆ ಹಲಗೆ ಇಟ್ಟುಕೊಂಡು ಕೂತರೆ ಒಂಬತ್ತರವರೆಗೆ ಇನ್ನೂರು ರೊಟ್ಟಿ ಬಡಿದೇ ಏಳುವುದು. ಹಳೆಯ ಮನೆಯಲ್ಲಿ ಹಲಗೆಯ ಕೆಳಗೆ ಭೂಮಿ ಇತ್ತು, ಭೂಮಿ ಯಾರ ಮೇಲೂ ದೂರು ಕೊಡುವುದಿಲ್ಲ. ಇಲ್ಲಿ ಹಲಗೆಯ ಕೆಳಗೆ ಲೇಲೆಯವರ ಮಲಗುವ ಕೋಣೆ ಇತ್ತು. ಎರಡನೆಯ ದಿನವೇ ಬಾಗಿಲ ಸಂದಿಯಲ್ಲಿ ಒಂದು ಚೀಟಿ ಬಂತು. ಗೌರಕ್ಕನಿಗೆ ಮಾತಾಡುವಷ್ಟು ಮರಾಠಿ ಬರುತ್ತಿತ್ತು, ಆ ಮುತ್ತಿನ ಅಕ್ಷರ ಓದುವಷ್ಟು ಅಲ್ಲ. ಹಾಗಾಗಿ ಚೀಟಿ ಡಬ್ಬಿಯೊಳಗೆ ಕೂತು ನನ್ನ ಹತ್ತಿರ ಬಂತು. ‘ಬೆಳಿಗ್ಗೆ ಐದಕ್ಕೆ ನಿಮ್ಮಲ್ಲಿ ಏನನ್ನು ಬಡಿಯಲಾಗುತ್ತಿದೆ ಎಂದು ತಿಳಿಯುವ ಕುತೂಹಲವಿದೆ. ಕುತೂಹಲಕ್ಕಿಂತ ನಿದ್ದೆಯ ಅಗತ್ಯ ಹೆಚ್ಚಾಗಿದೆ.’ ಓದಿ ನಾನು ಜೋರಾಗಿ ನಕ್ಕುಬಿಟ್ಟೆ, ಆಮೇಲೆ ಗೋಡೆಯ ಮೇಲಿನ ಫೋಟೋ ಕಣ್ಣಿಗೆ ಬಿತ್ತು.

ಗೌರಕ್ಕ ಮಾಡದ ಉಪಾಯವಿಲ್ಲ. ಹಲಗೆಯ ಕೆಳಗೆ ಕೌದಿ ಮಡಚಿ ಹಾಕಿದರು. ಹಲಗೆ ಅಲುಗಾಡಿ ರೊಟ್ಟಿಯ ಅಂಚು ಸೀಳತೊಡಗಿತು. ಅಡುಗೆಕಟ್ಟೆಯ ಮೇಲಿಟ್ಟು ನಿಂತು ಬಡಿದರು. ಸದ್ದು ಗೋಡೆ ಹಿಡಿದು ಇಳಿಯಿತು, ಸೊಂಟ ಹಿಡಿದುಕೊಂಡಿತು. ಒಂದು ವಾರ ಚಪಾತಿ ಹಾಕಿ ನೋಡಿದರು. ಅರವತ್ತು ಡಬ್ಬಿಯಲ್ಲಿ ಹನ್ನೊಂದು ‘ಹೀಗೇ ಆದರೆ ನಾಳೆಯಿಂದ ಬೇಡ’ ಎಂದವು, ಮತ್ತೆ ರೊಟ್ಟಿಗೇ ಬಂದರು. ಲೇಲೆಯವರಿಗೆ ದಿನಾ ಎರಡು ಬಿಸಿ ರೊಟ್ಟಿ, ಚಟ್ನಿ ಹೋಗತೊಡಗಿದವು. ಅವರು ಸಂಕೋಚವಿಲ್ಲದೆ ತಿಂದರು, ತಟ್ಟೆ ತೊಳೆದು ಮರಳಿಸಿದರು, ಅದರ ಜೊತೆ ಮರುದಿನದ ಚೀಟಿಯನ್ನೂ ಇಟ್ಟು ಕಳಿಸಿದರು. ಮಾರ್ಚ್ ಕೊನೆಗೆ ಚೀಟಿಯ ಬದಲು ನೋಟಿಸ್ ಬಂತು. ಪುಣೆಯಲ್ಲಿ ಮನೆ ಕೊಡುವುದು ಹನ್ನೊಂದು ತಿಂಗಳ ಕರಾರಿನ ಮೇಲೆ. ನಡುವೆ ಬಿಡಿಸಬೇಕಾದರೆ ಒಂದು ತಿಂಗಳ ನೋಟಿಸ್ ಸಾಕು ಎಂದು ಆ ಕರಾರಿನಲ್ಲಿತ್ತು. ಏಪ್ರಿಲ್ ಮೂವತ್ತಕ್ಕೆ ಮನೆ ಖಾಲಿ ಮಾಡಬೇಕು.

ಆ ಮಧ್ಯಾಹ್ನ ಗೌರಕ್ಕ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ಎಲ್ಲ ಹೇಳಿದರು. ತಿಂಗಳೊಳಗೆ ಮನೆ ಸಿಗದಿದ್ದರೆ ಡಬ್ಬಿ ನಿಲ್ಲುತ್ತವೆ. ಒಂದು ವಾರ ನಿಂತರೂ ಆ ಜನ ಬೇರೆ ಕಡೆ ಊಟ ಗೊತ್ತು ಮಾಡಿಕೊಳ್ಳುತ್ತಾರೆ, ಮತ್ತೆ ಬರುವುದಿಲ್ಲ. ಆರು ವರ್ಷ ಒಂದೊಂದಾಗಿ ಕೂಡಿಸಿದ ಅರವತ್ತು ಡಬ್ಬಿ. ಗಂಡನನ್ನು ಇಲ್ಲಿ ಬಿಟ್ಟು, ಮಗಳನ್ನು ಶಾಲೆ ಬಿಡಿಸಿ ಗೋಕಾಕಕ್ಕೆ ಹೋಗಬೇಕಾದೀತು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಮರುದಿನ ನಾನೇ ಆ ಕಟ್ಟಡಕ್ಕೆ ಹೋದೆ. ಲೇಲೆಯವರನ್ನು ಕರಗಿಸಬಹುದೇ ಎಂಬ ಆಸೆ. ಅವರು ಚಹಾ ಕೊಟ್ಟರು, ಆದರೆ ಕರಗಲಿಲ್ಲ. ಇಳಿದು ಬರುವಾಗ ನೆಲಮಹಡಿಯ ಹೆಂಗಸೊಬ್ಬರು ತಾವಾಗಿಯೇ ಮಾತಿಗೆ ನಿಂತರು. ಮೇಲಿನ ಮನೆಯಲ್ಲಿ ಎರಡು ವರ್ಷಕ್ಕೆ ಗೌರಕ್ಕನದೂ ಸೇರಿ ಮೂರು ಸಂಸಾರ ಆಗಿವೆಯಂತೆ. ಮೊದಲಿನವರ ಮಗು ಮೂರು ಗಾಲಿಯ ಸೈಕಲ್ ಓಡಿಸುತ್ತಿತ್ತು. ಆಮೇಲೆ ಬಂದವರು ಬೆಳಿಗ್ಗೆ ಹಗ್ಗ ಹಿಡಿದು ಜಿಗಿಯುತ್ತಿದ್ದರು. ಎಲ್ಲರಿಗೂ ಚೀಟಿ, ಎಲ್ಲರಿಗೂ ನೋಟಿಸ್. ಇಡೀ ಕಟ್ಟಡಕ್ಕೆ ಗೊತ್ತಿದ್ದ ಸಂಗತಿ ಇದು. ಗೌರಕ್ಕ ನನ್ನ ಕುರ್ಚಿಯಲ್ಲಿ ಕೂತು ಕೇಳಿದ ಎರಡು ಪ್ರಶ್ನೆಗೂ ಉತ್ತರ ಇಲ್ಲಿ ಮೆಟ್ಟಿಲ ಮೇಲೆ ಬಿದ್ದಿತ್ತು. ನಾನು ಒಂದು ಫೋನ್ ಮಾಡಿದ್ದರೆ ಸಿಗುತ್ತಿತ್ತು. ನನ್ನ ಬಗ್ಗೆ ನನಗೇ ವಿಪರೀತ ನಾಚಿಕೆಯಾಯಿತು.

ಆಫೀಸಿಗೆ ಬಂದು ಮೊದಲು ಗೋಡೆಯ ಫೋಟೋ ಕಿತ್ತೆ. ಆಮೇಲೆ ಅಮೋಲ್‌ನಿಗೆ ಹೇಳಿದೆ, ಮನೆ ಕೊಡುವವರಿಗೆ ನಾವು ಐದನೆಯ ಪ್ರಶ್ನೆಯೊಂದನ್ನು ಕೇಳಬೇಕು: ಹಿಂದಿನವರು ಯಾಕೆ ಬಿಟ್ಟರು? ಅದು ಮ್ಯಾಂಡೇಟರಿ ಇರಬೇಕು, ಅಂದರೆ ತುಂಬದೆ ಮುಂದಿನ ಪುಟಕ್ಕೆ ಹೋಗಲು ಬಿಡಬಾರದು. ಪಟ್ಟಿ ಕೊಡಬಾರದು, ಖಾಲಿ ಪೆಟ್ಟಿಗೆ ಕೊಡಬೇಕು.

ಅಮೋಲ್ ವಾದ ಹೂಡಿದ. ತನ್ನ ಮನೆಯ ಕೊರತೆಯನ್ನು ಯಾವ ಮಾಲೀಕ ತಾನಾಗಿ ಬರೆದಾನು? ಎಲ್ಲರೂ ‘ವರ್ಗಾವಣೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಖಾಲಿ ಪೆಟ್ಟಿಗೆಯಲ್ಲಿ ಬಂದದ್ದನ್ನು ವಿಂಗಡಿಸಲಾಗದು, ಫಿಲ್ಟರ್ ಮಾಡಲಾಗದು, ಅಂದರೆ ಬೇಕಾದ ಮನೆಗಳನ್ನು ಸೋಸಿ ತೆಗೆಯಲು ಕಂಪ್ಯೂಟರಿಗೆ ಅದು ನಿಷ್ಪ್ರಯೋಜಕ. ಅವನ ಮಾತು ತಪ್ಪೇನಲ್ಲ. ಬೇರೆ ಊರಾಗಿದ್ದರೆ ಅವನೇ ಗೆಲ್ಲುತ್ತಿದ್ದ. ಆದರೆ ಹದಿಮೂರು ವರ್ಷ ಕಿಟಕಿಯಲ್ಲಿ ಕೂತು ಈ ಊರಿನವರ ಬಗ್ಗೆ ನಾನು ಒಂದನ್ನು ಖಚಿತವಾಗಿ ಕಲಿತಿದ್ದೆ.

“ಅಮೋಲ್, ಬಿಟ್ಟುಹೋದ ಬಾಡಿಗೆದಾರನ ಬಗ್ಗೆ ಹೇಳು ಎಂದು ಜಾಗ ಕೊಟ್ಟರೆ, ಅದನ್ನು ಖಾಲಿ ಬಿಡುವ ಪುಣೇಕರ ಇನ್ನೂ ಹುಟ್ಟಿಲ್ಲ,” ಎಂದೆ. “ಅದೂ ಪದಕ್ಕೆ ಇಷ್ಟು ಎಂದು ದರ ಇಲ್ಲದಿರುವಾಗ.”

ಅವನು ನಕ್ಕ. ಇಪ್ಪತ್ತು ಮನೆಗಳ ಮೇಲೆ ಒಂದು ವಾರ ಪರೀಕ್ಷಿಸೋಣ ಎಂದು ಒಪ್ಪಿದ. ಆ ವಾರ ಬಂದ ಉತ್ತರಗಳು ಇಂದಿಗೂ ನನ್ನ ಬಾಯಲ್ಲಿವೆ. ಒಬ್ಬರು ಬರೆದರು: ‘ನಳದ ನೀರು ಬೆಳಿಗ್ಗೆ ಆರರಿಂದ ಏಳು. ಅವರು ಏಳುತ್ತಿದ್ದದ್ದು ಎಂಟಕ್ಕೆ.’ ಇನ್ನೊಬ್ಬರು: ‘ಅವರಿಗೆ ಮದುವೆಯಾಯಿತು. ಮನೆಯ ದೋಷವಲ್ಲ.’ ನನ್ನ ಅಚ್ಚುಮೆಚ್ಚಿನದು ಪಾಷಾಣ್ ಬಡಾವಣೆಯ ಒಬ್ಬ ಮಾಲೀಕರದು: ‘ನನ್ನ ತಾಯಿಯ ಜೊತೆ ಜಗಳವಾಡಿದರು. ತಾಯಿ ಇನ್ನೂ ಇಲ್ಲೇ ಇದ್ದಾರೆ.’ ವರ್ಗಾವಣೆ ಎಂದು ಬರೆದವರು ಇಪ್ಪತ್ತರಲ್ಲಿ ಇಬ್ಬರೇ, ಮತ್ತು ಅವರಿಗೆ ನಿಜಕ್ಕೂ ವರ್ಗಾವಣೆಯಾಗಿತ್ತು. ಅಮೋಲ್ ಉತ್ತರಗಳನ್ನು ಓದಿ ಓದಿ ಕುರ್ಚಿಯಲ್ಲಿ ಹೊರಳಾಡಿದ. ನಗು ಮುಗಿದ ಮೇಲೆ ಗಂಭೀರವಾಗಿ ಹೇಳಿದ, ಇವುಗಳನ್ನು ಓದಿದರೆ ಯಾವ ಮನೆ ತನಗೆ ಬೇಡ ಎಂಬುದು ಒಂದೇ ಸಾಲಿನಲ್ಲಿ ತಿಳಿಯುತ್ತದೆ ಎಂದು.

ಗೌರಕ್ಕನಿಗೆ ಮಾತ್ರ ಇದರಿಂದ ಏನೂ ಆಗಲಿಲ್ಲ. ಏಪ್ರಿಲ್ ಮೊದಲ ಹದಿನೈದು ದಿನ ನಾವಿಬ್ಬರೂ ಸಂಜೆ ಸಂಜೆ ಔಂಧ್, ಬಾಣೇರ್ ಸುತ್ತಿದೆವು. ಡಬ್ಬಿಯ ಕೆಲಸ ಎಂದ ಕೂಡಲೇ ಒಂದೊಂದೇ ಬಾಗಿಲು ನಯವಾಗಿ ಮುಚ್ಚಿಕೊಂಡಿತು. ನೆಲಮನೆಗಳೆಲ್ಲ ಕಟ್ಟಡಗಳಾಗುತ್ತಿದ್ದ ಕಾಲ ಅದು. ಡಬ್ಬಿಯ ವಿಷಯ ಹೇಳದೆ ಮನೆ ಹಿಡಿದುಬಿಡಿ ಎಂದು ಯಾರೋ ಸಲಹೆ ಕೊಟ್ಟರು. ಗೌರಕ್ಕ ಒಪ್ಪಲಿಲ್ಲ. ಇನ್ನೂರು ರೊಟ್ಟಿಯ ಸದ್ದನ್ನು ಎಷ್ಟು ದಿನ ಮುಚ್ಚಿಡುವುದು ಎಂದು ನಕ್ಕರು. ಆ ನಗೆಯಲ್ಲಿ ಮೊದಲಿನ ಕಸುವಿರಲಿಲ್ಲ.

ಅಷ್ಟರಲ್ಲಿ ಲೇಲೆಯವರ ಸರದಿ ಬಂತು. ಮೇ ತಿಂಗಳಿಗೆ ಅವರ ಫ್ಲ್ಯಾಟ್ ಖಾಲಿಯಾಗಲಿತ್ತಲ್ಲ, ಮತ್ತೆ ನಮ್ಮ ಸೈಟಿಗೇ ಹಾಕಬೇಕೆಂದು ಫೋನ್ ಮಾಡಿದರು. ಅವರ ಹತ್ತಿರ ಕಂಪ್ಯೂಟರ್ ಇರಲಿಲ್ಲ. ನಾನೇ ಕಾಗದದ ಫಾರ್ಮ್ ಒಯ್ದೆ. ಐದನೆಯ ಪ್ರಶ್ನೆ ನೋಡಿ ಅವರ ಮುಖ ಅರಳಿತು. ಶಾಯಿ ಪೆನ್ನು ತಂದರು, ಕನ್ನಡಕ ಒರೆಸಿದರು, ಒಂದು ಕಾಗದದ ಮೇಲೆ ಕರಡು ಬರೆದು ತಿದ್ದಿ ಆಮೇಲೆ ಫಾರ್ಮಿಗೆ ಇಳಿಸಿದರು.

‘ಹಿಂದಿನವರು ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ನನ್ನ ತಲೆಯ ಮೇಲೆ ಇನ್ನೂರು ಜೋಳದ ರೊಟ್ಟಿ ಬಡಿಯುತ್ತಿದ್ದರು. ಸ್ವಭಾವ ಉತ್ತಮ. ರೊಟ್ಟಿ ಅತ್ಯುತ್ತಮ. ನಿದ್ದೆ ಅಸಾಧ್ಯ.’

ಇದನ್ನು ಸೈಟಿಗೆ ಹಾಕಲು ನನಗೆ ಮನಸ್ಸಾಗಲಿಲ್ಲ. ಹೆಸರಿಲ್ಲ ನಿಜ, ಆದರೆ ಔಂಧ್‌ನಲ್ಲಿ ಇನ್ನೂರು ರೊಟ್ಟಿ ಬಡಿಯುವ ಹೆಂಗಸು ಎಂದರೆ ಯಾರೆಂದು ತಿಳಿಯಲು ಹೆಸರು ಯಾಕೆ ಬೇಕು? ಮೊದಲೇ ಮನೆ ಸಿಗದ ಹೊತ್ತಿನಲ್ಲಿ ಈ ಮುದ್ರೆ ಬೇರೆ ಬಿದ್ದರೆ ಏನು ಗತಿ? ಗೌರಕ್ಕನಿಗೆ ಓದಿ, ಕನ್ನಡದಲ್ಲಿ ಹೇಳಿದೆ. ನೀವು ಬೇಡವೆಂದರೆ ಹಾಕುವುದಿಲ್ಲ ಎಂದೂ ಹೇಳಿದೆ. ಆಕೆ ಇನ್ನೊಮ್ಮೆ ಓದಿಸಿ ಕೇಳಿಕೊಂಡರು.

“ಖರೇನ ಬರದಾರಲ್ರಿ ಮಾಸ್ತರ್ರು. ನಾ ಎಂಥಾಕಿ ಅಂತ ನಾನ ಹೇಳಿಕೊಂಡ್ರ ಯಾರ್ ನಂಬ್ತಾರ? ಅವ್ರು ಹೇಳ್ಯಾರ, ಹಾಕ್ರಿ.”

ಏಪ್ರಿಲ್ ಹದಿನೆಂಟಕ್ಕೆ ಹಾಕಿದೆವು. ಆ ಕಾಲದಲ್ಲಿ ನಗೆಯ ಸಂಗತಿ ಕಂಡರೆ ಅದನ್ನು ಇ-ಮೇಲ್‌ನಲ್ಲಿ ಗೆಳೆಯರಿಗೆಲ್ಲ ದಾಟಿಸುವುದು ಆಫೀಸುಗಳಲ್ಲಿ ದೊಡ್ಡ ಉದ್ಯೋಗ. ಹಿಂಜವಾಡಿಯ ಯಾರೋ ಲೇಲೆಯವರ ನಾಲ್ಕು ವಾಕ್ಯವನ್ನು ದಾಟಿಸಿದರು. ಎರಡೇ ದಿನಕ್ಕೆ ಅದು ಊರು ಸುತ್ತಿತು. ನಮ್ಮ ಸೈಟ್ ಭಾರಕ್ಕೆ ಕುಂಟತೊಡಗಿ ಅಮೋಲ್ ತಲೆ ಮೇಲೆ ಕೈಹೊತ್ತು ಸಂಭ್ರಮಪಟ್ಟ. ಲೇಲೆಯವರ ಫ್ಲ್ಯಾಟ್ ಕೇಳಿಕೊಂಡು ಮಾತ್ರ ಒಬ್ಬರೂ ಬರಲಿಲ್ಲ.

ಇಪ್ಪತ್ತೆರಡರ ಬೆಳಿಗ್ಗೆ ಆಫೀಸಿನ ಫೋನ್ ಹೊಡೆದುಕೊಂಡಿತು. ಒಬ್ಬ ವಯಸ್ಸಾದ ಹೆಂಗಸಿನ ದನಿ, ಮರಾಠಿಯಲ್ಲಿ. ಸಾಂಗವಿಯಿಂದ ಮಾತಾಡುತ್ತಿದ್ದೇನೆ, ಶಿಂದೆ ಎಂದು ನಮ್ಮ ಮನೆತನದ ಹೆಸರು ಎಂದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಸೊಸೆ ರೊಟ್ಟಿಯ ಸಂಗತಿಯನ್ನು ಪ್ರಿಂಟ್ ತಂದು ಊಟದ ಹೊತ್ತಿಗೆ ಓದಿ ಹೇಳಿದಳಂತೆ. ನಾನು ಎಂದಿನಂತೆ ಔಂಧ್‌ನ ಫ್ಲ್ಯಾಟಿನ ವಿವರ ಶುರುಮಾಡಿದೆ. ನನ್ನ ಮರಾಠಿಯ ಧಾಟಿಯಲ್ಲೇ ಅವರಿಗೆ ನನ್ನ ಊರು ತಿಳಿದುಹೋಗಿರಬೇಕು. ನಡುವೆಯೇ ತಡೆದು ಕನ್ನಡಕ್ಕೆ ಹೊರಳಿದರು. ಅವರ ತವರು ಅಕ್ಕಲಕೋಟೆಯ ಕಡೆ.

“ನನಗ ಆ ಮನಿ ಬ್ಯಾಡ್ರಿ ತಂಗಿ. ಆ ಮನಿ ಬಿಟ್ಟು ಹೋಗಾಕಿ ಅದಾಳಲ್ಲ, ಆಕಿ ಬೇಕು.”

ನಾನು ಎದ್ದು ನಿಂತಿದ್ದೆ ಎಂದು ಅಮೋಲ್ ಆಮೇಲೆ ಹೇಳಿದ. ಅವರ ಮನೆಯ ನೆಲಮಹಡಿಯ ಹಿಂದಿನ ಎರಡು ಕೋಣೆ ಒಂದು ವರ್ಷದಿಂದ ಖಾಲಿ ಇದ್ದವು. ಮಣಿಕಟ್ಟಿನ ನೋವಿನಿಂದ ರೊಟ್ಟಿ ಬಡಿಯುವುದು ಅವರಿಗೆ ನಿಂತು ಅಷ್ಟೇ ಕಾಲವಾಗಿತ್ತು. ಜಾಹೀರಾತು ಕೊಡುವ ಯೋಚನೆಯೇ ಬಂದಿರಲಿಲ್ಲ. ಎಂಥವರು ಬೇಕು ಎಂದು ಅವರಿಗೇ ಗೊತ್ತಿರಲಿಲ್ಲ, ಲೇಲೆಯವರ ಸಾಲು ಕೇಳುವ ತನಕ.

ಅದೇ ಭಾನುವಾರ ಗೌರಕ್ಕನ ಜೊತೆ ಸೇತುವೆ ದಾಟಿ ಸಾಂಗವಿಗೆ ಹೋದೆ. ನಾನು ಒಮ್ಮೆ ಪೆಟ್ಟು ತಿಂದವಳು, ಹಾಗಾಗಿ ಮೊದಲು ಸದ್ದಿನ ಪರೀಕ್ಷೆ ಆಗಲಿ ಎಂದೆ. ಗೌರಕ್ಕ ಹಿಂದಿನ ಕೋಣೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಹಲಗೆ ಹಾಕಿ ಕೂತರು. ನಾನು ಮುಂದಿನ ಕೋಣೆಯಲ್ಲಿ ಮನೆಯ ಯಜಮಾನ ಶಿಂದೆಯವರ ಎದುರು ಕೂತೆ. ಅವರು ಪಿಂಪರಿಯ ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿ, ಅಂದರೆ ಉಕ್ಕಿನ ತಗಡಿಗೆ ಭಾರೀ ಯಂತ್ರದಿಂದ ಗುದ್ದಿ ಆಕಾರ ಕೊಡುವ ವಿಭಾಗದಲ್ಲಿ, ಮೂವತ್ತೊಂದು ವರ್ಷ ದುಡಿದವರು. ಪೇಪರ್ ಓದುತ್ತಿದ್ದರು. ಒಳಗಿನಿಂದ ಪಟಪಟ ಶುರುವಾಯಿತು. ಒಂದು ರೊಟ್ಟಿ, ಎರಡು, ಮೂರು, ನಾಲ್ಕು. ನಾನು ಶಿಂದೆಯವರ ಮುಖವನ್ನೇ ನೋಡುತ್ತಿದ್ದೆ. ಐದನೆಯ ರೊಟ್ಟಿಯ ಹೊತ್ತಿಗೆ ಶಿಂದೆಯವರು ಪೇಪರ್ ಮಡಚಿ, ಸ್ವಲ್ಪ ಬೇಸರದಿಂದ ಒಳಗಿನವರಿಗೆ ಕೇಳುವಂತೆ ಮರಾಠಿಯಲ್ಲಿ ಕೂಗಿದರು, ಇನ್ನೂ ಯಾಕೆ ಶುರು ಮಾಡಿಲ್ಲ ಎಂದು.

ನಾನು ನಕ್ಕೆನೋ ಅತ್ತೆನೋ ಈಗ ನೆನಪಿಲ್ಲ. ಗೌರಕ್ಕ ಮಾತ್ರ ಒಳಗಿನಿಂದಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುವುದು ಕಾಣಿಸಿತು. ಫೋನ್ ಮಾಡಿದ್ದ ಅವರ ಹೆಂಡತಿ, ಶಿಂದೆ ಮಾಮಿ, ಮೊದಲ ರೊಟ್ಟಿಯನ್ನು ಮುರಿದು ತಿಂದರು. ಎರಡನೆಯದನ್ನೂ ತಿಂದರು. ಆಮೇಲೆ ಎದ್ದು ಹಿಂದಿನ ಬಾಗಿಲ ಕೀಲಿಕೈ ತಂದು ಗೌರಕ್ಕನ ಹಿಟ್ಟಿನ ಕೈಯಲ್ಲೇ ಇಟ್ಟರು.

ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ಸಾಮಾನು ಸಾಗಿತು. ಡಬ್ಬಿ ಒಂದು ದಿನವೂ ತಪ್ಪಲಿಲ್ಲ. ಗಾಡಿ ಹೊರಡುವಾಗ ಲೇಲೆಯವರು ಎರಡು ಅಂತಸ್ತು ಇಳಿದು ಬಂದು ಗೌರಕ್ಕನಿಗೆ ಕೊನೆಯ ಚೀಟಿ ಕೊಟ್ಟರು. ರೂಢಿಯಂತೆ ಅದು ನನ್ನ ಹತ್ತಿರ ಬಂತು. ‘ನಾಳೆಯಿಂದ ಪ್ರತಿದಿನ ಒಂದು ಡಬ್ಬಿ. ರೊಟ್ಟಿ ಎರಡು. ಸದ್ದು ಬೇಡ.’ ಗೌರಕ್ಕನ ಡಬ್ಬಿಗಳು ಅರವತ್ತೊಂದಾದವು.

ಐದನೆಯ ಪ್ರಶ್ನೆ ನಮ್ಮ ಸೈಟಿನ ಎಲ್ಲ ಮನೆಗಳಿಗೂ ಬಂತು. ಕೆಳಗೆ ಯಾರಿದ್ದಾರೆ, ಮೇಲೆ ಯಾರಿದ್ದಾರೆ ಎಂಬುದನ್ನೂ ಸೇರಿಸಿದೆವು. ಹುಡುಕುವವರಿಗೂ ಒಂದು ಖಾಲಿ ಪೆಟ್ಟಿಗೆ ಕೊಟ್ಟೆವು, ‘ನೀವು ಮನೆಯಲ್ಲಿ ಏನೇನು ಮಾಡುತ್ತೀರಿ?’ ಎಂದು. ಹಾರ್ಮೋನಿಯಂ ಬಾರಿಸುತ್ತೇವೆ ಎಂದು ಬರೆದವರಿಗೆ ಮನೆ ಸಿಕ್ಕಿತು, ಜೇಜುರಿಯ ಜಾತ್ರೆಗೆ ಹೋಗುವ ನೆಂಟರು ವರ್ಷಕ್ಕೆರಡು ಸಲ ಹದಿನೈದು ಜನ ಬಂದು ಇಳಿಯುತ್ತಾರೆ ಎಂದು ಬರೆದವರಿಗೂ ಸಿಕ್ಕಿತು. ಟಿಕ್ ಹಾಕುವ ಪೆಟ್ಟಿಗೆಗಳನ್ನು ಮುಂದೆ ಅಮೋಲ್ ಎಷ್ಟೋ ಸಲ ಬದಲಾಯಿಸಿದ. ಖಾಲಿ ಪೆಟ್ಟಿಗೆಗಳಿಗೆ ಯಾರೂ ಕೈಹಚ್ಚದಂತೆ ಅವನೇ ಕಾವಲು ನಿಂತ. ನನ್ನ ವೃತ್ತಿ ನನಗೆ ಕಲಿಸಿದ್ದು ಇದು: ಮನೆ ಕೇಳಿಕೊಂಡು ಬಂದವರು ಕೋಣೆ ಕೇಳುತ್ತಿರುವುದಿಲ್ಲ, ತಾವು ಬದುಕುವ ರೀತಿಗೆ ಒಂದು ಒಪ್ಪಿಗೆ ಕೇಳುತ್ತಿರುತ್ತಾರೆ. ಅದನ್ನು ಅವರು ಹತ್ತು ನಿಮಿಷ ಮಾತಾಡಿ ಹೇಳುತ್ತಾರೆ. ನಾನು ಹದಿಮೂರು ವರ್ಷ ಅದೇ ಹತ್ತು ನಿಮಿಷವನ್ನು ಪೆನ್ಸಿಲಿನಿಂದ ಹೊಡೆದುಹಾಕುತ್ತಿದ್ದೆ.

2009ರಲ್ಲಿ ನಾನು ಆ ಕಂಪನಿ ಬಿಡುವ ಹೊತ್ತಿಗೆ, ಕೊನೆಯ ವಾರದಲ್ಲಿ ಪರಿಶೀಲನೆಗೆ ಬಂದ ಫಾರ್ಮುಗಳಲ್ಲಿ ಸಾಂಗವಿಯದೊಂದಿತ್ತು. ನೆಲಮಹಡಿ, ಹಿಂದಿನ ಎರಡು ಕೋಣೆ, ಕಲ್ಲಿನ ನೆಲ. ಗೌರಕ್ಕ ಸಾಂಗವಿಯಲ್ಲೇ ಸ್ವಂತ ಮನೆ ಮಾಡಿಕೊಂಡ ಸುದ್ದಿ ನನಗೆ ಡಬ್ಬಿಯ ಜೊತೆ ಮೊದಲೇ ಬಂದಿತ್ತು. ನಾನು ನೇರವಾಗಿ ಐದನೆಯ ಪೆಟ್ಟಿಗೆಗೆ ಹೋದೆ. ಹಿಂದಿನವರು ಯಾಕೆ ಬಿಟ್ಟರು ಎಂಬುದಕ್ಕೆ ಶಿಂದೆ ಮಾಮಿ ಸೊಸೆಯ ಕೈಯಿಂದ ಎರಡು ವಾಕ್ಯ ಬರೆಸಿದ್ದರು.

‘ಸ್ವಂತ ಮನೆಗೆ ಹೋದರು. ನಾವು ಒಪ್ಪಿರಲಿಲ್ಲ.’